ಸರ್ ಪದವಿ ಪಡೆದ ಮಾಂಸ

ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯವರಿಗೆ 'ಸರ್' ಪದವಿ ಸಿಗಬೇಕಾದರೆ ಅಣೆಕಟ್ಟು ಕಟ್ಟಬೇಕಿತ್ತು, ಇಲ್ಲವೇ ದಿವಾನಗಿರಿ ಮಾಡಬೇಕಿತ್ತು. ಇಂಗ್ಲೆಂಡಿನಲ್ಲಿ ಒಂದು ಮಾಂಸದ ತುಂಡಿಗೆ ಚೆನ್ನಾಗಿ ಬೆಂದಿದ್ದಕ್ಕೇ ಸಿಕ್ಕಿತಂತೆ!

ಸರ್ಲಾಯ್ನ್ ಎಂದರೆ ದನದ ಸೊಂಟದ ಕಡೆಯ ಮಾಂಸ. ಸ್ಟೇಕ್, ಅಂದರೆ ಬೇಯಿಸಿದ ದಪ್ಪ ಮಾಂಸದ ತುಂಡು, ತಿನ್ನುವವರಿಗೆ ಬಲು ಇಷ್ಟ. 'ಲಾಯ್ನ್' ಸೊಂಟದ ಭಾಗ, ಸರಿ. ಮುಂದೆ ಕೂತಿರುವ 'ಸರ್' ಯಾರು? 1617ರಲ್ಲಿ ಒಂದನೇ ಜೇಮ್ಸ್ ದೊರೆ ಲ್ಯಾಂಕಾಶೈರಿನ ದೊಡ್ಡ ಬಂಗಲೆ ಹಾಟನ್ ಟವರ್‌ಗೆ ಅತಿಥಿಯಾಗಿ ಹೋಗಿದ್ದ. ಊಟಕ್ಕೆ ಬಂದ ಮಾಂಸ ಕಂಡು ಎಷ್ಟು ಖುಷಿಯಾಯಿತೆಂದರೆ, ಕತ್ತಿ ಹಿರಿದು ಅದನ್ನು ಮುಟ್ಟಿ, ಅಲ್ಲೇ ಪದವಿ ಕೊಟ್ಟುಬಿಟ್ಟನಂತೆ.

ಕಥೆ ಸೊಗಸಾಗಿದೆ. ಆದರೆ ಪದವಿ ಕೊಟ್ಟ ದೊರೆಗಳೇ ಜಾಸ್ತಿಯಾದರು. 1655ರಲ್ಲಿ ಇತಿಹಾಸಕಾರ ಥಾಮಸ್ ಫುಲ್ಲರ್ ಇದನ್ನು ಎಂಟನೇ ಹೆನ್ರಿಯ ಲೆಕ್ಕಕ್ಕೆ ಬರೆದ. ಎರಡನೇ ಚಾರ್ಲ್ಸ್ ಎನ್ನುವವರೂ ಇದ್ದಾರೆ. 1755ರಲ್ಲಿ ನಿಘಂಟು ಮಾಡಿದ ಸ್ಯಾಮ್ಯುಯೆಲ್ ಜಾನ್ಸನ್, ನಮ್ಮ ದೊರೆಗಳಲ್ಲೊಬ್ಬ ಖುಷಿಯಲ್ಲಿದ್ದಾಗ ಕೊಟ್ಟದ್ದು ಎಂದು ಬರೆದು, ಯಾವ ದೊರೆ ಅಂತ ಹೇಳದೆ ಸುಮ್ನಾದ. ಜಾಣ!

ನಿಜ ಸಪ್ಪೆಯಾಗಿದೆ. ಹಳೆಯ ಫ್ರೆಂಚಿನಲ್ಲಿ 'ಸುರ್' ಎಂದರೆ ಮೇಲೆ. ಸೊಂಟದ ಮೇಲಿನ ಮಾಂಸ, ಅಷ್ಟೇ. ಇಂಗ್ಲಿಷರೂ ಮೊದಲು ಅದನ್ನು 'ಯು' ಅಕ್ಷರ ಹಾಕಿಯೇ ಬರೆಯುತ್ತಿದ್ದರು. ದೊರೆಯ ಕಥೆ ಹಬ್ಬಿದ ಮೇಲೆ 'ಯು' ಹೋಗಿ 'ಐ' ಬಂತು. ಸುಳ್ಳೇ ಕಾಗುಣಿತ ತಿದ್ದಿತು!

ನಮ್ಮಲ್ಲೂ ಹೀಗೇ ಅಲ್ವಾ? ಹಸಿದು ಬಂದ ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಊರು ಬೆಂಗಳೂರಾಯಿತು. ಬೇಗೂರಿನ ಶಾಸನದಲ್ಲಿ ಅವನಿಗಿಂತ ಸುಮಾರು 300 ವರ್ಷ ಮೊದಲೇ ಬೆಂಗಳೂರಿನ ಹೆಸರಿದೆ. ಇರಲಿ ಬಿಡಿ, ಆ ಅಜ್ಜಿಯನ್ನು ಮನೆಯಿಂದ ಎಬ್ಬಿಸಲು ನನಗಂತೂ ಮನಸ್ಸಿಲ್ಲ.

ಇಂಗ್ಲಿಷರು ಒಂದು ಪದವಿಗೆ ನಿಲ್ಲಲಿಲ್ಲ. ಎರಡೂ ಪಕ್ಕದ ಸರ್ಲಾಯ್ನ್ ಬಿಡಿಸದೆ ಇಡಿಯಾಗಿ ಕತ್ತರಿಸಿದರೆ ಅದು 'ಬ್ಯಾರನ್', 'ಸರ್'ಗಿಂತ ಮೇಲಿನ ಪದವಿ. ತೂಕ ಜಾಸ್ತಿಯಾದಂತೆ ಬಡ್ತಿ!

ಅಮೆರಿಕದಲ್ಲಿ ಇನ್ನೊಂದು ತಮಾಷೆ. ಇಂಗ್ಲೆಂಡಿನ ಸರ್ಲಾಯ್ನ್ ಅಲ್ಲಿ ನ್ಯೂಯಾರ್ಕ್ ಸ್ಟ್ರಿಪ್. ಅಲ್ಲಿ ಸರ್ಲಾಯ್ನ್ ಕೇಳಿದರೆ ಅದರ ಹಿಂದಿನ, ಸ್ವಲ್ಪ ಗಟ್ಟಿ ತುಂಡು ತಟ್ಟೆಗೆ ಬರುತ್ತದೆ. ಸರ್ಕಾರ ಯಾರಿಗೂ ಇಂಥ ಬಿರುದು ಕೊಡಬಾರದು ಎಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. 'ಸರ್' ಅನ್ನು ಮಾತ್ರ ಬಿಡಲಿಲ್ಲ, ಪಕ್ಕದವನಿಗೆ ವರ್ಗ ಮಾಡಿತು.