ಮತ್ತೆ ಒಂದನೇ ಸಂಚಿಕೆ

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆಕ್ಷನ್ ಕಾಮಿಕ್ಸ್’ 1938ರಲ್ಲಿ ಆರಂಭವಾಗಿ, ಮಹಾಯುದ್ಧವನ್ನೂ ಟೆಲಿವಿಷನ್ನಿನ ಕಾಲವನ್ನೂ ದಾಟಿಕೊಂಡು 904ನೇ ಸಂಚಿಕೆಯವರೆಗೆ ಎಣಿಸುತ್ತ ಬಂದಿತ್ತು. 2011ರ ಸೆಪ್ಟೆಂಬರಿನಲ್ಲಿ ಅದೇ ಪತ್ರಿಕೆ 1ನೇ ಸಂಚಿಕೆಯೆಂಬ ಹಣೆಪಟ್ಟಿ ಹೊತ್ತು ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆ ಬಂದಿತು. ಅದೊಂದೇ ಅಲ್ಲ, ಅದರ ಪ್ರಕಾಶಕರಾದ ಡಿಸಿ ಸಂಸ್ಥೆ ಸುಮಾರು ಒಂದು ತಿಂಗಳೊಳಗೆ 52 ಪತ್ರಿಕೆಗಳನ್ನು ಒಂದರಿಂದ ಆರಂಭಿಸಿ, ಹಳೆಯ ಕಥೆಗಳಲ್ಲಿ ಬಹುಪಾಲಿಗೆ ಎಳ್ಳುನೀರು ಬಿಟ್ಟಿತು. ಸೂಪರ್‌ಮ್ಯಾನನ ಕೆಂಪು ಚಡ್ಡಿ ಹೋಯಿತು. ಅದರ ಜೊತೆಗೆ 1996ರಲ್ಲಿ ಲೋಯಿಸ್ ಲೇನಳೊಡನೆ ಆಗಿದ್ದ ಅವನ ಮದುವೆಯೂ ಹೋಯಿತು. ಎರಡಕ್ಕೂ ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ಮದುವೆಗಾಗಿ ಕೂಗಾಡಿದವರನ್ನು ನೋಡಿ ಸುಮ್ಮನಿದ್ದ ಹೊರಗಿನವರು, ಚಡ್ಡಿಗಾಗಿ ಕೂಗಾಡಿದವರನ್ನು ನೋಡಿ ನಕ್ಕರು. ನನಗೆ ಮಾತ್ರ ಎರಡೂ ಒಂದೇ ಸಂಕಟದ ಎರಡು ಮುಖಗಳಂತೆ ಕಾಣುತ್ತವೆ.

ಪ್ರಕಾಶಕರ ಕಡೆಗೂ ನ್ಯಾಯವಿಲ್ಲದೆ ಇಲ್ಲ. 1938ರಲ್ಲಿ ವಯಸ್ಕನಾಗಿದ್ದವನು ಇಂದಿಗೂ ಮೂವತ್ತರ ಆಸುಪಾಸಿನಲ್ಲೇ ಇರಬೇಕಾದರೆ ಯಾವುದಾದರೊಂದು ಕಡೆಯಲ್ಲಿ ಪಂಚಾಂಗವನ್ನು ತಿದ್ದಲೇಬೇಕು. ಹೊಸ ಓದುಗನು ಒಂಬೈನೂರರ ಮೇಲಿನ ಸಂಖ್ಯೆಯನ್ನು ಕಂಡು, ಇಷ್ಟನ್ನೆಲ್ಲ ಓದಿ ಮುಗಿಸುವುದು ಯಾವಾಗ ಎಂದು ಹೆದರಿ ಹಿಂದಕ್ಕೆ ಸರಿಯುವುದೂ ಸಹಜವೇ. ಇವೆಲ್ಲಕ್ಕಿಂತ ಮುಖ್ಯವಾದದ್ದು ವ್ಯಾಪಾರ. ಅಲ್ಲಿನ ಕಾಮಿಕ್ಸ್ ಅಂಗಡಿಯವರು ತಿಂಗಳುಗಳ ಮುಂಚೆಯೇ ಪ್ರತಿಗಳಿಗೆ ಬೇಡಿಕೆ ಕಳುಹಿಸಬೇಕು, ಮಾರಾಟವಾಗದೆ ಉಳಿದವನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಹೀಗಿರುವಾಗ, ಮುಂದೆ ಬೆಲೆ ಬಂದೀತೆಂದು ಜನ ಎತ್ತಿಡುವ ಒಂದನೇ ಸಂಚಿಕೆಯನ್ನು ಅವರು ಧೈರ್ಯವಾಗಿ ತರಿಸುತ್ತಾರೆ, ನಲವತ್ತೇಳನೆಯದನ್ನು ತರಿಸಲು ಯೋಚಿಸುತ್ತಾರೆ. ಆದುದರಿಂದ ಮಾರಾಟ ಕುಸಿದಾಗಲೆಲ್ಲ ಪ್ರಕಾಶಕರ ಕೈ ಒಂದರ ಅಂಕಿಯ ಕಡೆಗೆ ಚಾಚುತ್ತದೆ.

ಮೊದಲ ಸಲ ಹಳೆಯ ನಾಯಕನೊಬ್ಬನ ಕಥೆಯನ್ನು ಹೀಗೆ ಹೊಸದಾಗಿ ಆರಂಭಿಸಿದಾಗ ಯಾರಿಗೂ ನೋವಾದಂತೆ ಕಾಣುವುದಿಲ್ಲ. 1956ರಲ್ಲಿ ಡಿಸಿಯವರು, ಮಿಂಚಿನ ವೇಗದಲ್ಲಿ ಓಡುವ ಫ್ಲ್ಯಾಶ್ ಎಂಬ ಹಳೆಯ ನಾಯಕನ ಹೆಸರನ್ನು ಮಾತ್ರ ಉಳಿಸಿಕೊಂಡು ಬ್ಯಾರಿ ಅಲೆನ್ ಎಂಬ ಹೊಸಬನನ್ನು ತಂದರು. ಐದು ವರ್ಷಗಳ ಬಳಿಕ, ಹಳೆಯ ಫ್ಲ್ಯಾಶ್ ಇನ್ನೊಂದು ಭೂಮಿಯಲ್ಲಿ ಕ್ಷೇಮವಾಗಿದ್ದಾನೆಂದು ತೋರಿಸಿ ಇಬ್ಬರನ್ನೂ ಭೇಟಿ ಮಾಡಿಸಿದರು. ಅಲ್ಲಿಂದ ಮುಂದೆ ಅಡಚಣೆ ಬಂದಾಗಲೆಲ್ಲ ಒಂದೊಂದು ಭೂಮಿ ಹುಟ್ಟಿಕೊಂಡಿತು. ಕೊನೆಗೆ ಈ ಭೂಮಿಗಳ ಲೆಕ್ಕ ಯಾರಿಗೂ ಸಿಗದಂತಾಯಿತೆಂದು 1985ರಲ್ಲಿ, ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಜ್ ಚಿತ್ರಿಸಿದ ಹನ್ನೆರಡು ಸಂಚಿಕೆಗಳ ಮಹಾಪ್ರಳಯದಲ್ಲಿ ಎಲ್ಲವನ್ನೂ ಕರಗಿಸಿ ಒಂದೇ ಭೂಮಿಯನ್ನಾಗಿ ಮಾಡಿದರು.

ಆ ಪ್ರಳಯದ ಏಳನೇ ಸಂಚಿಕೆಯಲ್ಲಿ ಸೂಪರ್‌ಗರ್ಲ್ ಸಾಯುತ್ತಾಳೆ. ಮುಖಪುಟದಲ್ಲಿ ಸೂಪರ್‌ಮ್ಯಾನ್ ಅವಳ ದೇಹವನ್ನು ಎರಡು ಕೈಗಳಲ್ಲಿ ಎತ್ತಿ ಹಿಡಿದು ಅಳುತ್ತಿದ್ದಾನೆ, ಹಿಂದೆ ಉಳಿದ ನಾಯಕರೆಲ್ಲ ನಿಂತಿದ್ದಾರೆ. ಒಳ್ಳೆಯ ಸಾವು ಅದು, ವಿಶ್ವವನ್ನು ಉಳಿಸಲು ಹೋರಾಡಿ ಪಡೆದದ್ದು. ಓದುಗರು ಅತ್ತರು, ಒಪ್ಪಿಕೊಂಡರು. ಆದರೆ ಮರುವರ್ಷ ಸೂಪರ್‌ಮ್ಯಾನನ ಕಥೆಯನ್ನು ಜಾನ್ ಬರ್ನ್ ಹೊಸದಾಗಿ ಹೇಳತೊಡಗಿದಾಗ, ಕ್ರಿಪ್ಟಾನ್ ಗ್ರಹದಿಂದ ಬದುಕಿ ಬಂದವನು ಅವನೊಬ್ಬನೇ ಎಂದು ತೀರ್ಮಾನವಾಗಿತ್ತು. ಅಂದರೆ ಅವನ ಚಿಕ್ಕಪ್ಪನ ಮಗಳಾದ ಸೂಪರ್‌ಗರ್ಲ್ ಭೂಮಿಗೆ ಬಂದೇ ಇರಲಿಲ್ಲ. ಬರದವಳು ಸಾಯುವುದು ಹೇಗೆ? ಯಾರಿಗಾಗಿ ಪ್ರಾಣ ಕೊಟ್ಟಳೋ ಅವರಲ್ಲಿ ಒಬ್ಬರಿಗೂ ಅವಳ ನೆನಪಿಲ್ಲ. ನೆನಪಿರುವುದು ಕಾಸು ಕೊಟ್ಟು ಆ ಸಂಚಿಕೆಯನ್ನು ಕೊಂಡು ಅತ್ತವನಿಗೆ ಮಾತ್ರ.

ಅಭಿಮಾನಿಯ ಕೋಪದ ಬೇರು ಇಲ್ಲಿದೆ ಎಂದು ನನ್ನ ಎಣಿಕೆ. ಅವನನ್ನು ಬದಲಾವಣೆಯೆಂದರೆ ಆಗದ ಮೊಂಡನೆಂದು ಬಯ್ಯುವುದು ರೂಢಿ. ಆದರೆ ಸಾವು, ಮರುಹುಟ್ಟು, ತದ್ರೂಪಿಗಳು, ಕಾಲಯಾನ ಇವೆಲ್ಲವನ್ನೂ ಹುಬ್ಬು ಏರಿಸದೆ ನುಂಗಿಕೊಂಡು ಬಂದವನು ಅವನೇ. 1987ರಲ್ಲಿ ಮದುವೆಯಾದ ಸ್ಪೈಡರ್‌ಮ್ಯಾನ್ ಮತ್ತು ಮೇರಿ ಜೇನ್ ದಂಪತಿಯ ಪ್ರಕರಣವನ್ನೇ ನೋಡಬಹುದು. ಮದುವೆಯಿಂದ ನಾಯಕನಿಗೆ ವಯಸ್ಸಾದಂತೆ ಕಾಣುತ್ತದೆಂದು ಅವರ ಪ್ರಕಾಶಕರಾದ ಮಾರ್ವೆಲ್ ಸಂಸ್ಥೆಯ ಸಂಪಾದಕರಿಗೆ ಬಹುಕಾಲದ ಕೊರಗು, ವಿಚ್ಛೇದನ ಕೊಡಿಸಿದರೆ ಇನ್ನಷ್ಟು ವಯಸ್ಸಾದಂತೆ ಕಂಡೀತೆಂಬ ಅಳುಕು. 2007ರಲ್ಲಿ ಅವರು ಕಂಡುಕೊಂಡ ದಾರಿಯೆಂದರೆ, ಗುಂಡೇಟು ತಿಂದು ಸಾಯುತ್ತಿರುವ ಮೇ ಚಿಕ್ಕಮ್ಮನ ಪ್ರಾಣ ಉಳಿಸುವುದಕ್ಕಾಗಿ ದಂಪತಿಗಳು ಮೆಫಿಸ್ಟೋ ಎಂಬ ಸೈತಾನನಿಗೆ ತಮ್ಮ ಮದುವೆಯನ್ನೇ ಒಪ್ಪಿಸಿಬಿಡುವುದು. ಬೆಳಗಾದಾಗ ಮದುವೆ ಆಗಿಯೇ ಇರಲಿಲ್ಲ. ಜಗಳವಾಡಿ ದೂರವಾಗಿದ್ದರೆ ಅದೊಂದು ಕಥೆಯಾಗುತ್ತಿತ್ತು. ಇಪ್ಪತ್ತು ವರ್ಷಗಳ ದಾಂಪತ್ಯವನ್ನು ಓದಿದವರಿಗೆ, ನೀವು ಓದಿದ್ದು ನಡೆದದ್ದಲ್ಲ ಎಂದು ಹೇಳಿದ್ದನ್ನು ಕಥೆಯೆನ್ನುವುದು ಕಷ್ಟ. ಆ ಕಥೆಯ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ.

ನಿಮ್ಮ ಹಳೆಯ ಸಂಚಿಕೆಗಳು ನಿಮ್ಮ ಕಪಾಟಿನಲ್ಲೇ ಇವೆಯಲ್ಲ, ನಾವೇನು ಮನೆಗೆ ಬಂದು ಕಿತ್ತುಕೊಂಡೆವೇ ಎಂದು ಪ್ರಕಾಶಕರ ಪರವಾಗಿ ಮಾತನಾಡುವವರು ಕೇಳುವುದುಂಟು. ಕೇಳಲು ನ್ಯಾಯವಾಗಿದೆ. ಕಥೆಯನ್ನು ಹೊಸದಾಗಿ ಹೇಳುವುದರಲ್ಲಿ ತಪ್ಪೇನೂ ಇಲ್ಲವೆಂಬುದಕ್ಕೆ ಕನ್ನಡಿಗರಿಗಂತೂ ಬೇರೆ ಸಾಕ್ಷಿ ಬೇಡ. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ್ದನ್ನು ಸಾವಿರ ವರ್ಷಗಳಿಂದ ಸಂತೋಷವಾಗಿಯೇ ಓದುತ್ತಿದ್ದೇವೆ. ಆದರೆ ಪಂಪನು ವ್ಯಾಸರ ಭಾರತ ಇನ್ನು ಮುಂದೆ ಚಲಾವಣೆಯಲ್ಲಿಲ್ಲವೆಂದು ಪ್ರಕಟಣೆ ಹೊರಡಿಸಲಿಲ್ಲ. ಈ ಕಾಮಿಕ್ಸ್‌ಗಳ ಸೊಗಸು ಇರುವುದೇ ಮುಂದುವರಿಕೆಯಲ್ಲಿ. ಹತ್ತು ವರ್ಷದ ಹಿಂದೆ ಸತ್ತವನ ಹೆಸರನ್ನು ಇಂದು ಯಾರೋ ಒಬ್ಬರು ಎತ್ತಿದರೆ ಓದುಗನಿಗೆ ಚುರುಕ್ಕೆನ್ನುತ್ತದೆ, ಆ ಚುರುಕಿಗಾಗಿಯೇ ಅವನು ವಾರವಾರ ಅಂಗಡಿಗೆ ಹೋಗುತ್ತಾನೆ.

2011ರ ಹೊಸ ಲೋಕದಲ್ಲಿ ನಿಜವಾಗಿ ನೋವಾದದ್ದು ಬಾರ್ಬರಾ ಗಾರ್ಡನ್ ವಿಷಯದಲ್ಲಿ. ಬ್ಯಾಟ್‌ಗರ್ಲ್ ಆಗಿದ್ದ ಅವಳಿಗೆ 1988ರ ಕಥೆಯೊಂದರಲ್ಲಿ ಜೋಕರ್ ಗುಂಡು ಹಾರಿಸಿ, ಅವಳು ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದಳು. ಗಂಡಸರ ಕಥೆಗೆ ಕಾವು ಕೊಡಲು ಅವಳನ್ನು ಹಾಗೆ ಬಿಸಾಡಿದ್ದು ಸರಿಯಲ್ಲವೆಂದು ಬಗೆದ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಎಂಬ ಲೇಖಕ ದಂಪತಿ, ಮರುವರ್ಷ ಅವಳಿಗೆ ಆರಕಲ್ ಎಂಬ ಹೊಸ ಹೆಸರು ಕೊಟ್ಟು, ಗಾಲಿಕುರ್ಚಿಯಲ್ಲಿ ಕುಳಿತೇ ಕಂಪ್ಯೂಟರಿನ ಮೂಲಕ ಬ್ಯಾಟ್‌ಮ್ಯಾನ್ ಸಹಿತ ಎಲ್ಲರಿಗೂ ದಾರಿ ತೋರಿಸುವವಳನ್ನಾಗಿ ಮಾಡಿದರು. ಎರಡು ದಶಕಗಳ ಕಾಲ ಅವಳು ಹಾಗೆಯೇ ಬೆಳೆದಳು. ಹೊಸ ಒಂದನೇ ಸಂಚಿಕೆಯಲ್ಲಿ ಅವಳು ಎದ್ದು ನಡೆದು ಮತ್ತೆ ಬ್ಯಾಟ್‌ಗರ್ಲ್ ಆದಳು. ಗುಂಡೇಟನ್ನು ಉಳಿಸಿಕೊಂಡರು, ಆರಕಲ್ ಆಗಿ ಅವಳು ಕಟ್ಟಿಕೊಂಡ ಬದುಕನ್ನು ಬಹುಪಾಲು ಅಳಿಸಿದರು! ಗಾಲಿಕುರ್ಚಿಯಲ್ಲೇ ಬದುಕುವ ಓದುಗರಿಗೆ ತಮ್ಮವಳೆಂದು ಹೇಳಿಕೊಳ್ಳಲು ಆ ಲೋಕದಲ್ಲಿ ಇದ್ದವಳು ಬಹುಮಟ್ಟಿಗೆ ಅವಳೊಬ್ಬಳೇ. ಅವರ ಆಕ್ಷೇಪವನ್ನು ಚಡ್ಡಿಯ ಗಲಾಟೆಯ ಸಾಲಿಗೆ ಸೇರಿಸಿ ನಗುವುದು ನನ್ನಿಂದಾಗದು.

ಉಳಿದ ಅಭಿಮಾನಿಗಳು ಲೆಕ್ಕಕ್ಕೆ ಕುಳಿತರು. ಹೊಸ ಲೋಕದಲ್ಲಿ ಸೂಪರ್‌ಹೀರೋಗಳು ಬಂದು ಸುಮಾರು ಐದು ವರ್ಷವಾಗಿದೆಯಷ್ಟೇ ಎಂದಿದ್ದ ಡಿಸಿ, ಚೆನ್ನಾಗಿ ಮಾರಾಟವಾಗುತ್ತಿದ್ದ ಬ್ಯಾಟ್‌ಮ್ಯಾನನ ಹಳೆಯ ಕಥೆಗಳನ್ನು ಹೆಚ್ಚು ಮುಟ್ಟಿರಲಿಲ್ಲ. ಹಾಗಾದರೆ ರಾಬಿನ್ ಎಂಬ ಹೆಸರಿನಲ್ಲಿ ಅವನ ಸಹಾಯಕರಾಗಿದ್ದ ಹುಡುಗರಲ್ಲಿ ಡಿಕ್, ಜೇಸನ್, ಟಿಮ್ ಮೂವರೂ ಆ ಐದೇ ವರ್ಷಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ಅವನ ಬಳಿ ಸೇರಿ, ಕಲಿತು, ಹೊರಬಿದ್ದು, ನಾಲ್ಕನೆಯವನಾಗಿ ಡೇಮಿಯನ್ನನೂ ಬಂದು ಸೇರಿದನೇ? ತರಬೇತಿಗೆಂದು ಬಂದ ಹುಡುಗರು ಇಷ್ಟು ಬೇಗ ಕೆಲಸ ಬಿಡುವುದು ಹೋಟೆಲುಗಳಲ್ಲೂ ಅಪರೂಪ. ಲೋಕವನ್ನು ಸರಳಗೊಳಿಸುತ್ತೇವೆಂದು ಹೊರಟವರು ತಾವೇ ಸಿಕ್ಕು ಹಾಕಿಕೊಂಡದ್ದನ್ನು ಕಂಡು ಅಭಿಮಾನಿಗಳು ಸಿಟ್ಟನ್ನೂ ಮರೆತು ಖುಷಿಪಟ್ಟರು. ಬಯ್ಯುತ್ತ ಬಯ್ಯುತ್ತ ಮುಂದಿನ ಸಂಚಿಕೆಯನ್ನೂ ಕೊಂಡರು, ಬಯ್ಯಬೇಕಾದರೂ ಓದಿರಬೇಕಲ್ಲ.

ಐದು ವರ್ಷಗಳ ಬಳಿಕ ಡಿಸಿ ಸೋಲೊಪ್ಪಿದ ರೀತಿ ಬಹಳ ಚಮತ್ಕಾರದ್ದು. ಹೊಸ ಎಣಿಕೆಯ 52 ಸಂಚಿಕೆಗಳನ್ನು ಹಳೆಯ 904ಕ್ಕೆ ಕೂಡಿಸಿ, 2016ರಲ್ಲಿ ‘ಆಕ್ಷನ್ ಕಾಮಿಕ್ಸ್’ 957ನೇ ಸಂಚಿಕೆಯಾಗಿ ಮುಂದುವರಿಯಿತು. ಹೀಗೆ ಕೂಡಿಸಿದ್ದರಿಂದಲೇ 2018ರಲ್ಲಿ ಸಾವಿರದ ಸಂಚಿಕೆ ಬಂತು, ಕೆಂಪು ಚಡ್ಡಿಯೂ ಅದರೊಡನೆ ಮರಳಿತು. ಈ ಹೊಸ ಹಾದಿ ತೆರೆದದ್ದು 2016ರ ಮೇ ತಿಂಗಳಲ್ಲಿ ಬಂದ ಎಂಬತ್ತು ಪುಟಗಳ ವಿಶೇಷ ಸಂಚಿಕೆ. ಬ್ಯಾರಿ ಅಲೆನ್‌ನ ಶಿಷ್ಯನಾಗಿ, ಅವನ ಸಾವಿನ ನಂತರ ತಾನೇ ಫ್ಲ್ಯಾಶ್ ಆಗಿ ಬಹುಕಾಲ ಓಡಿದ್ದ ಕೆಂಗೂದಲಿನ ವಾಲಿ ವೆಸ್ಟ್ ಹೊಸ ಲೋಕದಿಂದ ಮಾಯವಾಗಿದ್ದನಷ್ಟೆ. ಈ ಸಂಚಿಕೆಯಲ್ಲಿ ಅವನು ಕಾಲದ ಆಚೆಗೆ ಸಿಕ್ಕಿಬಿದ್ದು, ತನಗೆ ಬೇಕಾದವರೊಬ್ಬೊಬ್ಬರ ಮುಂದೆಯೂ ಕ್ಷಣಕಾಲ ಕಾಣಿಸಿಕೊಂಡು ನೆನಪಿದೆಯೇ ಎಂದು ಅಂಗಲಾಚುತ್ತಾನೆ. ಅವನ ಹೆಂಡತಿ ಲಿಂಡಾಳಿಗೂ ಗುರುತು ಹತ್ತುವುದಿಲ್ಲ. ಇನ್ನೇನು ಕರಗಿ ಹೋಗಬೇಕು, ವಿದಾಯ ಹೇಳಲೆಂದು ಬ್ಯಾರಿಯ ಬಳಿ ಬಂದಾಗ ಅವನಿಗೆ ಹೆಸರು ನೆನಪಾಗುತ್ತದೆ, ಕೈ ಹಿಡಿದು ಈಚೆಗೆ ಎಳೆದುಕೊಳ್ಳುತ್ತಾನೆ. ಯಾರೋ ನಮ್ಮ ಹತ್ತು ವರ್ಷಗಳನ್ನು ಕದ್ದಿದ್ದಾರೆ ಎಂಬುದು ವಾಲಿ ತಂದ ಸುದ್ದಿ. ಐದು ವರ್ಷಗಳಿಂದ ಅಭಿಮಾನಿಗಳು ಹೇಳುತ್ತಿದ್ದ ದೂರನ್ನೇ ಸಂಸ್ಥೆ ಕಥೆಯನ್ನಾಗಿ ಮಾಡಿ, ಅದನ್ನು 2.99 ಡಾಲರಿಗೆ ಅವರಿಗೇ ಮಾರಿತು. ಅವರು ಕಣ್ಣೊರೆಸಿಕೊಂಡು ಕೊಂಡರು.

ಎರಡು ವರ್ಷ ಕಳೆದ ಸ್ವಲ್ಪದರಲ್ಲೇ ಆರಂಭವಾದ ಇನ್ನೊಂದು ಕಥೆಯಲ್ಲಿ, ಅದೇ ವಾಲಿ ವೆಸ್ಟ್‌ನ ಕೈಯಿಂದ ಜೊತೆಯವರು ಹಲವರು ಸತ್ತರೆಂದು ಬರೆದರು. ಅಭಿಮಾನಿಗಳು ಮತ್ತೆ ಸೆಟೆದು ನಿಂತರು. ಈ ಸಲ ಅವರ ಬೇಡಿಕೆ, ಇದೊಂದು ಕಥೆಯನ್ನು ನಡೆದೇ ಇಲ್ಲವೆಂದು ಅಳಿಸಿಬಿಡಿ ಎಂಬುದಾಗಿತ್ತು.