ಎಲ್ಲ ಇನ್ಹೇಲರ್‌ಗೂ ಒಂದೇ ಉಸಿರಲ್ಲ
‘ಇನ್ಹೇಲರ್ ಯಾವುದಾದರೂ ನಿಧಾನವಾಗಿ ಉಸಿರೆಳೆಯಿರಿ’ ಅಂತ ನರ್ಸಿಂಗ್ ವಿದ್ಯಾರ್ಥಿಗಳಿಗೆ ಬರೆದಿದ್ದೀರಿ. ಒತ್ತುವ ಪಂಪಿಗೆ ಅದು ಸರಿ, ಕ್ಯಾಪ್ಸೂಲ್ ಹಾಕುವ ರೋಟಾಹೇಲರಿಗೆ ತಪ್ಪು. ಅದರಲ್ಲಿ ಕ್ಯಾಪ್ಸೂಲಿನೊಳಗಿನ ಔಷಧದ ಪುಡಿ ಎಬ್ಬಿಸುವುದೇ ರೋಗಿಯ ಉಸಿರು. ಜೋರಾಗಿ, ಉದ್ದಕ್ಕೆ ಎಳೆಯಬೇಕು. ಅದಕ್ಕೆ ಮುಂಚೆ ಉಸಿರನ್ನು ಪಕ್ಕಕ್ಕೆ ತಿರುಗಿ ಬಿಡಬೇಕು. ಸಾಧನದೊಳಗೇ ಊದಿದರೆ ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ. ಎಳೆದ ಮೇಲೆ 10 ಸೆಕೆಂಡ್ ಉಸಿರು ಹಿಡಿಸಿ, ಬಿಚ್ಚಿ ನೋಡಿ: ಕ್ಯಾಪ್ಸೂಲಿನಲ್ಲಿ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಸಿ.

ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಂತೂ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒದ್ದೆ ಕೈಯಲ್ಲಿ ಕ್ಯಾಪ್ಸೂಲ್ ಮುಟ್ಟುವುದು ಬೇಡ. ಮಾತ್ರೆಯೆಂದು ನುಂಗುವವರೂ ಇದ್ದಾರೆ (ನಗಬೇಡಿ, ಬರೀ ಚೀಟಿ ಕೊಟ್ಟು ಕಳಿಸಿದರೆ ಇನ್ನೇನಾದೀತು?), ಹಾಗಾಗಿ ನಿಮ್ಮೆದುರೇ ಒಮ್ಮೆ ಮಾಡಿಸಿ. ಔಷಧ ಬುಡೆಸೊನೈಡ್ (ಒಂದು ಸ್ಟಿರಾಯ್ಡ್) ಆದರೆ ನೀರು ಮುಕ್ಕಳಿಸಿ ಉಗುಳಲೇಬೇಕು; ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಶಿಲೀಂಧ್ರ, ದನಿಯೂ ಒಡೆಯಬಹುದು.