ಮೇಷ್ಟರ ಶೀರ್ಷಾಸನ ಮತ್ತು ಮಂಚದ ಕೆಳಗಿನ ಇಟ್ಟಿಗೆ

ಅಪ್ಪನಿಗೆ ಗ್ಲಾಕೋಮಾ ಇದೆಯೆಂಬುದು ನಮಗೆ ಗೊತ್ತಾಗಬೇಕಿದ್ದದ್ದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ. ಎಲೆಗೆ ಉಪ್ಪು ಬಡಿಸಿಲ್ಲವೆಂದು ಬಡಿಸುವವರನ್ನು ಎರಡು ಸಲ ಕರೆದರು. ಉಪ್ಪು ಎಡಮೂಲೆಯಲ್ಲಿ, ಇರಬೇಕಾದ ಜಾಗದಲ್ಲೇ ಇತ್ತು. "ಮೇಷ್ಟರಿಗೆ ವಯಸ್ಸಾಯಿತು" ಎಂದು ಪಕ್ಕದವರು ನಕ್ಕರು, ಅಪ್ಪನೂ ನಕ್ಕರು, ನಾನೂ ನಕ್ಕೆ. ಆ ಮೂಲೆ ಅವರ ನೋಟದಿಂದಲೇ ಅಳಿಸಿಹೋಗಿದೆ ಎಂದು ತಿಳಿದದ್ದು ಅದಾಗಿ ಎಂಟು ತಿಂಗಳ ಮೇಲೆ, ಕನ್ನಡಕ ಬದಲಾಯಿಸಲು ಹೋದಾಗ.

ನಮ್ಮ ಕಡೆ ಕಣ್ಣಿನ ಕಾಯಿಲೆ ಎಂದರೆ ಪೊರೆ. ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ನಡೆಸಿ, ಸಾಲಾಗಿ ಮಲಗಿದವರ ಪೊರೆ ತೆಗೆದು ಕಣ್ಣು ಕೊಟ್ಟ ಕಥೆಗಳನ್ನು ಕೇಳಿ ಬೆಳೆದ ತಲೆಮಾರು ಅಪ್ಪನದು. "ಬಲಿಯಲಿ, ತೆಗೆಸಿದರಾಯಿತು" ಎಂಬುದು ಅವರ ಧೈರ್ಯ. ಗ್ಲಾಕೋಮಾದ ಮುಂದೆ ಆ ಧೈರ್ಯ ನಡೆಯುವುದಿಲ್ಲ. ಕಣ್ಣಿನೊಳಗೆ ಒಂದು ತಿಳಿನೀರು ಸದಾ ಊರುತ್ತಿರುತ್ತದೆ, ಸದಾ ಹರಿದು ಹೋಗುತ್ತಿರುತ್ತದೆ. ತೂಬು ಕಟ್ಟಿಕೊಂಡ ಕೆರೆಯಂತೆ ಅದು ಹೊರಹೋಗುವುದು ನಿಧಾನವಾದರೆ ಒತ್ತಡ ಏರುತ್ತದೆ, ಹಿಂಬದಿಯ ದೃಷ್ಟಿನರದ ಎಳೆಗಳು ಸಾಯತೊಡಗುತ್ತವೆ. ಸತ್ತ ಎಳೆಯನ್ನು ಯಾವ ಶಸ್ತ್ರಚಿಕಿತ್ಸೆಯೂ ಎಬ್ಬಿಸದು. ಹೆಚ್ಚಿನವರಿಗೆ ನೋವೂ ಇಲ್ಲ, ಕಣ್ಣು ಕೆಂಪಾಗುವುದೂ ಇಲ್ಲ. ನಡುವಿನ ನೋಟ ಕೊನೆಯವರೆಗೂ ಉಳಿಯುವುದರಿಂದ ಪತ್ರಿಕೆ ಓದಲು ತೊಂದರೆಯಾಗದು. ಭಾರತದಲ್ಲಿ 40 ದಾಟಿದ 1.1 ಕೋಟಿಗೂ ಹೆಚ್ಚು ಮಂದಿಗೆ ಇದು ಇದೆಯೆಂಬ ಅಂದಾಜಿದೆ. ಅವರಲ್ಲಿ ಬಹುಪಾಲು ಜನರಿಗೆ ಅದು ಗೊತ್ತೇ ಇಲ್ಲ.

ನನ್ನನ್ನು ಯೋಚನೆಗೆ ಹಚ್ಚಿದ್ದು ಒತ್ತಡ ಅಳೆಯುವ ಹೊತ್ತು. ಬೆಳಿಗ್ಗೆ 11ಕ್ಕೆ ಕುರ್ಚಿಯಲ್ಲಿ ಕೂರಿಸಿ, ಗಲ್ಲವನ್ನು ಯಂತ್ರಕ್ಕೆ ಆನಿಸಿ ಅಳೆದಾಗ ಅಪ್ಪನಿಗೆ ಬಂದದ್ದು 19. ಸಾಮಾನ್ಯವಾಗಿ 10ರಿಂದ 21ರ ಒಳಗಿದ್ದರೆ ಸರಿ ಎನ್ನುತ್ತಾರೆ. ಮತ್ತೆ ನರ ಏಕೆ ಹಾಳಾಯಿತು? "ಕೆಲವರ ನರ ಅಷ್ಟನ್ನೂ ತಾಳುವುದಿಲ್ಲ. ಅಲ್ಲದೆ ರಾತ್ರಿ ಮಲಗಿದಾಗ ಎಷ್ಟಿರುತ್ತದೋ ನಾವು ನೋಡಿಲ್ಲವಲ್ಲ" ಎಂದರು ವೈದ್ಯೆ. ಚಪ್ಪಟೆಯಾಗಿ ಮಲಗಿದ ಕೂಡಲೇ ಕಣ್ಣಿನ ಒತ್ತಡ ಏರುತ್ತದೆ. ಮಗ್ಗುಲಾದರೆ ಕೆಳಗಿನ ಕಣ್ಣಿನಲ್ಲಿ ಇನ್ನೂ ಹೆಚ್ಚು. ಬೋರಲು ಮಲಗಿ ಮುಖವನ್ನು ದಿಂಬಿಗೆ ಒತ್ತಿಕೊಂಡರಂತೂ ಕೇಳುವುದೇ ಬೇಡ. ಅಪ್ಪ ಬಾಳೆಲ್ಲ ಎಡಮಗ್ಗುಲಲ್ಲಿ ಮಲಗಿದವರು, ಉಂಡದ್ದು ಚೆನ್ನಾಗಿ ಅರಗುತ್ತದೆಂದು. ಹೆಚ್ಚು ಹಾಳಾಗಿರುವುದೂ ಎಡಗಣ್ಣೇ. ಆದರೂ ಎರಡಕ್ಕೂ ಗಂಟು ಹಾಕಲು ನಾನು ಸಿದ್ಧಳಿಲ್ಲ. ಮಲಗುವ ಮಗ್ಗುಲಿಗೂ ಹಾಳಾದ ಕಣ್ಣಿಗೂ ಇರುವ ನಂಟಿನ ಬಗ್ಗೆ ಸಂಶೋಧಕರಲ್ಲೇ ಒಮ್ಮತವಿಲ್ಲ.

ತಲೆಯ ಕಡೆಯನ್ನು 20ರಿಂದ 30 ಡಿಗ್ರಿ ಎತ್ತರಿಸಿ ಮಲಗಿದರೆ ಅನೇಕರಲ್ಲಿ ಒತ್ತಡ ತುಸು ಇಳಿಯುತ್ತದೆ. ಮೊದಲು ಮೂರು ದಿಂಬು ಪೇರಿಸಿದೆವು. ಅದು ತಪ್ಪು. ದಿಂಬಿನ ರಾಶಿ ಕುತ್ತಿಗೆಯನ್ನು ಮಡಚುತ್ತದೆ, ತಲೆಯಿಂದ ರಕ್ತ ಇಳಿಯುವುದಕ್ಕೇ ಅಡ್ಡಿ. ಕೊನೆಗೆ ಮಂಚದ ತಲೆದೆಸೆಯ ಕಾಲುಗಳ ಕೆಳಗೆ ಇಟ್ಟಿಗೆ ಬಂದವು. ಡಿಗ್ರಿ ಅಳೆದಿಲ್ಲ, ಜಾರಿ ಕೆಳಗೆ ಬರುತ್ತೇನೆಂದು ಅಪ್ಪ ಒಂದು ವಾರ ಗೊಣಗಿದರು.

ನಿಜವಾದ ಜಗಳ ನಡೆದದ್ದು ಶೀರ್ಷಾಸನಕ್ಕೆ. ನಲವತ್ತು ವರ್ಷದ ಅಭ್ಯಾಸ, ಬೀದಿಯಲ್ಲೆಲ್ಲ ಅದರ ಹೆಮ್ಮೆ. ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು 75 ಯೋಗಾಭ್ಯಾಸಿಗಳ ಕಣ್ಣು ಅಳೆದು 2006ರಲ್ಲಿ ಪ್ರಕಟಿಸಿದ ಅಧ್ಯಯನವಿದೆ: ತಲೆಕೆಳಗಾಗಿ ನಿಂತಾಗ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ನ್ಯೂಯಾರ್ಕಿನಲ್ಲಿ 2015ರಲ್ಲಿ ನೋಡಿದಾಗ ಅಧೋಮುಖ ಶ್ವಾನಾಸನ, ಹಲಾಸನದಂತಹವುಗಳಲ್ಲೂ ಒಂದೇ ನಿಮಿಷದಲ್ಲಿ ಏರಿಕೆ ಕಂಡಿತು. ಆಸನ ಬಿಟ್ಟ ಮೇಲೆ ಇಳಿಯುತ್ತದೆ, ನಿಜ. ಆದರೆ ಈಗಾಗಲೇ ಸೊರಗಿದ ನರಕ್ಕೆ ದಿನಾ ಈ ಪರೀಕ್ಷೆ ಏಕೆ? ಯೋಗದ ಮೇಲೆ ನನಗೆ ಮುನಿಸಿಲ್ಲ, ಪ್ರಾಣಾಯಾಮ ಮಾಡಲಿ. "ಇಷ್ಟು ವರ್ಷ ತಲೆಯ ಮೇಲೆ ನಿಂತಿರಿ, ಇನ್ನು ಕಾಲ ಮೇಲೆ ನಡೆಯಿರಿ ಮೇಷ್ಟರೇ" ಎಂದು ವೈದ್ಯೆ ಹೇಳಿದ ಮೇಲಷ್ಟೇ ಅವರು ಬಗ್ಗಿದ್ದು. ನಾನು ಹೇಳಿದ್ದಾಗಿದ್ದರೆ ಕೇಳುತ್ತಿರಲಿಲ್ಲ.

ನಡಿಗೆಯ ಮಾತು ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 141 ರೋಗಿಗಳಿಗೆ ಒಂದು ವಾರ ಚಲನೆ ಅಳೆಯುವ ಯಂತ್ರ ಕಟ್ಟಿ, ಅದನ್ನು ಅವರ ವರ್ಷಗಳ ದೃಷ್ಟಿ ಪರೀಕ್ಷೆಗಳೊಡನೆ ಹೋಲಿಸಿ, 2019ರಲ್ಲಿ ಬರೆದರು: ದಿನಕ್ಕೆ 5,000 ಹೆಜ್ಜೆ ಹೆಚ್ಚು ನಡೆಯುವವರಲ್ಲಿ, ಅಥವಾ 2.6 ಗಂಟೆ ಕಡಿಮೆ ಕೂರುವವರಲ್ಲಿ, ದೃಷ್ಟಿ ಸವೆಯುವ ವೇಗ ಸುಮಾರು ಶೇ 10ರಷ್ಟು ಕಡಿಮೆ. ಇದನ್ನು ಓದಿ ಕುಣಿಯುವ ಮುನ್ನ ಒಂದು ತಕರಾರು. ಕಣ್ಣು ಮಂಜಾದವರು ಬೀಳುವ ಭಯಕ್ಕೇ ನಡೆಯುವುದನ್ನು ಬಿಡುತ್ತಾರೆ. ಕೂತದ್ದರಿಂದ ಕಣ್ಣು ಹೋಯಿತೋ, ಕಣ್ಣು ಹೋದದ್ದರಿಂದ ಕೂತರೋ? ಬ್ರಿಟನ್ನಿನ 4 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ 2022ರಲ್ಲಿ ಬಂದ ನಿದ್ದೆಯ ಅಧ್ಯಯನದ ಪಾಡೂ ಇದೇ. ಗೊರಕೆ, ಹಗಲಿನ ತೂಕಡಿಕೆ, ನಿದ್ರಾಹೀನತೆ, ಅತಿ ಕಡಿಮೆ ಅಥವಾ ಅತಿ ಹೆಚ್ಚು ನಿದ್ದೆ ಇರುವವರಲ್ಲಿ ಗ್ಲಾಕೋಮಾ ತುಸು ಹೆಚ್ಚು ಕಂಡಿತು, ಅಷ್ಟೇ. ಆದರೂ ಗೊರಕೆಯ ನಡುವೆ ಉಸಿರು ನಿಲ್ಲುವವರು ಅದನ್ನು ಕಣ್ಣಿನ ವೈದ್ಯರಿಗೂ ಹೇಳಬೇಕು. ರಾತ್ರಿ ನುಂಗುವ ಬಿಪಿ ಮಾತ್ರೆಯ ವಿಷಯವನ್ನೂ ಹೇಳಬೇಕು. ರಕ್ತದೊತ್ತಡ ನಿದ್ದೆಯಲ್ಲಿ ತೀರ ಇಳಿದರೆ ದೃಷ್ಟಿನರಕ್ಕೆ ರಕ್ತ ಸಾಲದಾಗಬಹುದು. ಹಾಗೆಂದು ಮಾತ್ರೆಯನ್ನು ನೀವೇ ಬದಲಿಸಬೇಡಿ.

ವಾಟ್ಸ್ಆಪ್‌ನಲ್ಲಿ ಕಣ್ಣುಗುಡ್ಡೆ ತಿರುಗಿಸುವ ವ್ಯಾಯಾಮ ಕಳುಹಿಸಿ "ಇದರಿಂದ ಡ್ರಾಪ್ಸ್ ಬಿಡಬಹುದು" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಡಿಗೆ, ಇಟ್ಟಿಗೆ, ನಿದ್ದೆ ಎಲ್ಲವೂ ಕಣ್ಣಿನ ಒತ್ತಡ ಇಳಿಸಲು ವೈದ್ಯರು ಕೊಟ್ಟ ಡ್ರಾಪ್ಸ್ ಹಾಕಿದ ಮೇಲಿನ ಮಾತು. ಔಷಧಿ ಅಂಗಡಿಯಲ್ಲಿ ಕಣ್ಣಿನ ತುರಿಕೆಗೆಂದು ಚೀಟಿಯಿಲ್ಲದೆ ಕೊಡುವ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡು ಗ್ಲಾಕೋಮಾ ತಂದುಕೊಂಡವರೂ ಇದ್ದಾರೆ. ಅದರ ಮುಂದೆ ಯಾವ ಆಸನದ ಅಪಾಯವೂ ಚಿಕ್ಕದು.

ನಮ್ಮ ಮನೆಯಲ್ಲಿ ಈಗ ರಾತ್ರಿ ಒಂಬತ್ತಕ್ಕೆ ಅಮ್ಮ ಡ್ರಾಪ್ಸ್ ಹಾಕುತ್ತಾರೆ. ಬೆಳಿಗ್ಗೆ ಅಪ್ಪ ಕೆರೆ ಏರಿಯ ಮೇಲೆ ನಡೆಯುತ್ತಾರೆ, ಎಡಕ್ಕೆ ಅಮ್ಮ. ನಾನು ದಿನಕ್ಕೆ ಎಂಟು ಗಂಟೆ ಬ್ಯಾಂಕಿನ ಕುರ್ಚಿಯಲ್ಲಿ ಕೂರುವವಳು. ಊಟವಾದ ಮೇಲೆ ಕಟ್ಟಡಕ್ಕೆ ಎರಡು ಸುತ್ತು ಬರುತ್ತೇನೆ. ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಅಪಾಯ ಹಲವು ಪಟ್ಟು ಹೆಚ್ಚೆಂದು ವೈದ್ಯೆ ಹೇಳಿದ ವಾರವೇ ಹೋಗಿ ನರದ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಂದೆ. ಅಣ್ಣ ಇನ್ನೂ ಹೋಗಿಲ್ಲ. ಫೋನಿನಲ್ಲಿ ಹೇಳಿದರೆ "ನೋಡೋಣ" ಎನ್ನುತ್ತಾನೆ. ಫೇಸ್‌ಬುಕ್ ಮಾತ್ರ ತಪ್ಪದೆ ನೋಡುತ್ತಾನೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.